ನಾಯಿಯ ಮೂಲೆ

"ಇನ್ನೂ ಬಗ್ಗು," ಅಂದ ಮೇಸ್ತ್ರಿ. "ಮೂಗು ಹುಲ್ಲಿಗೆ ತಾಗ್ಬೇಕು."

ಅವಳು ಬಗ್ಗಿದಳು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಹುಲ್ಲು ಅಂಗೈಗೂ ಮಂಡಿಗೂ ಚುಚ್ಚಿತು. ಮೂಗು ಕೆಳಗಿಳಿಯುವ ಮೊದಲೇ ವಾಸನೆ ಮೇಲೆದ್ದು ಬಂದು ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಅಳುತ್ತಿದ್ದಾಳೆ ಅಂದುಕೊಂಡಾರೆಂದು ಹಾಗೇ ಬಿಟ್ಟಳು.

"ಏನು ವಾಸನೆ?" ಜಗಲಿಯ ಮೇಲಿಂದ ಯಜಮಾನ ಕೇಳಿದ. ಅವನ ಮೂಗಿನ ಮೇಲೆ ಕರವಸ್ತ್ರವಿತ್ತು.

"ಉಚ್ಚೆ."

"ಯಾರದ್ದು?"

ಅವಳು ತಲೆ ಎತ್ತಿದಳು. ಜಗಲಿಯ ಮೆಟ್ಟಿಲ ಮೇಲೆ ನಾಯಿ ಮುಂಗಾಲು ಚಾಚಿ ಮಲಗಿತ್ತು. ಮೈ ಮಿರಮಿರ ಮಿಂಚುತ್ತಿತ್ತು.

"ನಮ್ಮ ಕಂದನ ಕಡೆ ಯಾಕೆ ನೋಡ್ತೀಯ?" ಅಂದಳು ಮನೆಯೊಡತಿ. "ಅದಕ್ಕೆ ವಾರಕ್ಕೆರಡು ಸಲ ಸ್ನಾನ ಮಾಡಿಸ್ತೀವಿ."

"ಮೂಸು ಅಂದ್ರಿ, ಮೂಸಿದೆ. ಉಚ್ಚೆ ಮೇಲೆ ಹೆಸರು ಬರೆದಿರಲ್ಲ ಅಮ್ಮ."

ಮೇಸ್ತ್ರಿ ಕೆಮ್ಮಿದ. ಬಾಯಿ ಮುಚ್ಚು ಅನ್ನುವುದಕ್ಕೆ ಅವನ ಬಳಿ ಅದೊಂದು ಕೆಮ್ಮಿತ್ತು.

ಬೆಳಿಗ್ಗೆಯೇ ಅವಳಿಗೆ ಅನುಮಾನ ಬಂದಿತ್ತು. ಮೇಸ್ತ್ರಿ ವ್ಯಾನಿನ ಮುಂದಿನ ಬಾಗಿಲನ್ನು ತಾನೇ ತೆರೆದು "ಮುಂದೆ ಕೂತ್ಕೋ" ಅಂದಿದ್ದ. ತಂಡದ ಹೆಂಗಸರು ಕೂರುವುದು ಹಿಂದೆ, ಗುದ್ದಲಿ ಬಾಣಲಿಗಳ ಜೊತೆ. ತಿರುವು ಬಂದರೆ ರೋಲರು ಉರುಳಿ ಕಾಲಿನ ಮೇಲೆ ಬರದಂತೆ ಒದ್ದು ಹಿಡಿದುಕೊಂಡು ಕೂರಬೇಕು. ಅಂಥವಳಿಗೆ ಇವತ್ತು ಮೆತ್ತನೆ ಸೀಟು. ದಾರಿಯಲ್ಲಿ ಚಹಾ ಅಂಗಡಿ ಕಂಡಾಗ ವ್ಯಾನು ತಾನಾಗಿಯೇ ನಿಂತಿತು. ಒಂದು ಲೋಟ ಮುಗಿಯುತ್ತಲೇ ಇನ್ನೊಂದು ಬಂತು. ಕುರಿಗೆ ಸೊಪ್ಪು ಜಾಸ್ತಿ ಹಾಕುವವನ ಇನ್ನೊಂದು ಕೈ ನೋಡಬೇಕು ಅಂತ ಅವಳ ಅತ್ತೆ ಹೇಳುತ್ತಿದ್ದಳು. ಅವಳು ನೋಡಿದಳು. ಇನ್ನೊಂದು ಕೈಯಲ್ಲಿ ಮೇಸ್ತ್ರಿಯ ಫೋನಿತ್ತು. ಅದು ಮತ್ತೆ ಮತ್ತೆ ನಡುಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ.

"ಬರೀ ಬಾಚೋ ಕೆಲಸ," ಅಂದಿದ್ದ. "ಒಂದು ಮೂಲೇಲಿ ಹುಲ್ಲು ಮಲಗಿಬಿಟ್ಟಿದೆಯಂತೆ."

"ಹಂಗಾದ್ರೆ ನಾದಿನೀನ ಯಾಕೆ ಕೇಳ್ಲಿಲ್ಲ? ಯಾವಾಗ್ಲೂ ಇಬ್ಬರನ್ನೂ ಕರೀತಿದ್ರಿ."

ಮೇಸ್ತ್ರಿ ಕನ್ನಡಿ ಸರಿಮಾಡಿಕೊಂಡ. ಸರಿಯಾಗಿಯೇ ಇದ್ದ ಕನ್ನಡಿ.

ತಂಡದಲ್ಲಿ ಅವಳಿಗೆ ಬಾಚಣಿಗೆ ಅಂತ ಹೆಸರು. ಹಾಸಿದ ಹುಲ್ಲಿನ ಮೇಲೆ ಮರಳು ಚೆಲ್ಲಿ, ಒರಟು ಪೊರಕೆಯಿಂದ ಎದುರು ದಿಕ್ಕಿಗೆ ಬಾಚಿ, ಮಲಗಿದ ಎಸಳುಗಳನ್ನು ಎಬ್ಬಿಸಿ ನಿಲ್ಲಿಸುವುದು ಅವಳ ಪಾಲಿನ ಕೆಲಸ. ತನ್ನ ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲದವಳಿಗೆ ಆ ಹೆಸರಿಟ್ಟದ್ದು ನಾದಿನಿ. ಮೇಸ್ತ್ರಿಗೆ 'ಆಯ್ತು ಸಾರ್' ಅಂತ ಇಟ್ಟದ್ದೂ ಅವಳೇ. ಅದನ್ನು ವ್ಯಾನಿನ ಹಿಂದೆ ಕೂತಾಗ ಮಾತ್ರ ಹೇಳುತ್ತಿದ್ದರು.

ಈ ಮನೆಗೆ ಅವರು ಮೊದಲು ಬಂದದ್ದು ಮಳೆ ಹಿಡಿಯುವ ಮುಂಚೆ. ಊರಿಂದ ದೂರ, ಹೊಲಗಳ ನಡುವೆ ಗೋಡೆ ಎಬ್ಬಿಸಿ ಕಟ್ಟಿದ ಮನೆ. ಆ ರಸ್ತೆಯ ಉದ್ದಕ್ಕೂ ಅಂಥವೇ ಮನೆಗಳು. ಎಲ್ಲರಿಗೂ ಹಸಿರು ಬೇಕು. ನೆಲ ಮಾತ್ರ ಜೇಡಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಕಾಲಿನ ಚಪ್ಪಲಿ ನುಂಗುತ್ತದೆ, ಕೇಳಿದರೆ ವಾಪಸ್ ಕೊಡುವುದಿಲ್ಲ. ಯಜಮಾನ ನೆಟ್ಟ ನಿಜವಾದ ಹುಲ್ಲು ಒಂದು ಬಿಸಿಲಿಗೆ ಒಣಗಿತು, ಮತ್ತೆ ನೆಟ್ಟದ್ದು ಒಂದು ಮಳೆಗೆ ಕೊಳೆಯಿತು. ಆಮೇಲೆ ಸುರುಳಿ ಸುರುಳಿಯಾಗಿ ಪ್ಲಾಸ್ಟಿಕ್ ಬಂತು. ಅದರ ಹಿಂದೆ ಇವರು ಬಂದರು.

ಹುಲ್ಲು ಹಾಸುವುದು ಕೊನೆಯ ಕೆಲಸ. ಮೊದಲು ಜೇಡಿ ತೆಗೆಯಬೇಕು. ಗುದ್ದಲಿ ಹಾಕಿದರೆ ಅದು ಗುದ್ದಲಿಯನ್ನು ಬಿಡುವುದಿಲ್ಲ. ಎಳೆದರೆ ಬಾಯಿ ಚಪ್ಪರಿಸಿದಂತೆ ಸದ್ದು ಮಾಡುತ್ತದೆ. ಬಾಣಲಿಗೆ ಹಾಕಿದ್ದು ಬಾಣಲಿಗೆ ಅಂಟುತ್ತದೆ, ಸುರಿಯಲು ಬಗ್ಗಿದರೆ ಬೀಳದೆ ಕುತ್ತಿಗೆಯನ್ನೇ ಎಳೆಯುತ್ತದೆ. ಹೆಂಗಸರು ಹೊತ್ತರು. ತಲೆಯಿಂದ ಇಳಿದ ಕೆಸರು ಕಿವಿಯ ಹಿಂದೆ ಒಣಗಿ, ಚರ್ಮವನ್ನು ಹಿಡಿದು ಬಿರಿಯಿತು. ಸಂಜೆ ತೊಳೆಯಲು ಹೋದರೆ ಕೂದಲು ಕಿತ್ತುಕೊಂಡು ಬರುತ್ತಿತ್ತು.

ಮೊದಲ ದಿನ ನಾದಿನಿ ಕೇಳಿದ್ದಳು, "ಅಮ್ಮ, ಒಂದಕ್ಕೆ ಎಲ್ಲಿ ಹೋಗೋದು?"

ಮನೆಯೊಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಗೇಟಿನ ಕಡೆ ಕೈ ಮಾಡಿದಳು. "ಆಚೆ ಅಷ್ಟೊಂದು ಜಾಗ ಇದೆಯಲ್ಲ."

ಆಚೆ ಜಾಗವಿತ್ತು, ಮರೆ ಇರಲಿಲ್ಲ. ರಸ್ತೆ, ತಂತಿಬೇಲಿ, ಉತ್ತು ಬಿಟ್ಟ ಬೋಳು ಹೊಲ. ಮನೆಯ ಹಿಂದೆ ಒಂದು ಸಾಲು ಗಿಡಗಳಿದ್ದವು. ಹೆಂಗಸರು ಅಲ್ಲಿಗೆ ಹೋಗತೊಡಗಿದರು. ಅದು ಮನೆಯವರ ಕಣ್ಣಿಗೆ ಬಿತ್ತು. ಮರುದಿನವೇ ಗಿಡಗಳನ್ನು ಕಡಿಸಿದರು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಎಲೆ ಉದುರುತ್ತದೆ ಅಂತ ಕಾರಣ ಕೊಟ್ಟರು. ಹುಲ್ಲು ಇನ್ನೂ ಬಂದೇ ಇರಲಿಲ್ಲ. ಅದೇ ಸಂಜೆ ಕಂಬದ ಮೇಲೆ ಒಂದು ಕ್ಯಾಮೆರಾ ಕೂತಿತು.

ಮನೆಯೊಳಗೆ ಕೋಣೆಗೊಂದು ಬಚ್ಚಲು. ಹೊರಗೆ, ನಾಯಿಯ ಗೂಡಿನ ಪಕ್ಕ ಇನ್ನೊಂದು. ಅದಕ್ಕೆ ಸದಾ ಬೀಗ. ನೆಂಟರ ಕಾರಿನ ಡ್ರೈವರುಗಳಿಗಂತೆ.

ಗಂಡಸರು ಗೋಡೆಯ ಕಡೆ ಮುಖ ಮಾಡಿ ನಿಂತರು. ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ನಾಲಿಗೆ ಅಂಗುಳಕ್ಕೆ ಅಂಟುವವರೆಗೆ ಬಿಟ್ಟರು. ಬಾಣಲಿ ಎತ್ತುವಾಗ ಕಿಬ್ಬೊಟ್ಟೆ ಹಿಂಡುತ್ತಿತ್ತು. ತೊಡೆ ಬಿಗಿದುಕೊಂಡು ನಡೆಯುವುದು ಅಭ್ಯಾಸವಾಯಿತು. ಹಾಗೆ ನಡೆದದ್ದನ್ನು ನೋಡಿ ರೋಲರಿನವನು ನಕ್ಕ. ಮೇಸ್ತ್ರಿ "ಬೇಗ ಬೇಗ" ಅಂದ.

ಅದೇ ಹೊತ್ತಿಗೆ ಅಂಗಳದ ಮೂಲೆಯಲ್ಲಿ ನಾಯಿಗೆ ಜಾಗ ಸಿದ್ಧವಾಗುತ್ತಿತ್ತು. ನಾಯಿ ಎಲ್ಲಿ ಬೇಕೆಂದರಲ್ಲಿ ಮಾಡಬಾರದು, ಅದಕ್ಕೊಂದು ಮೂಲೆ ಬೇಕು ಎಂದು ಮನೆಯೊಡತಿಗೆ ಆಸೆ. ಜೇಡಿ ನೀರು ಕುಡಿಯುವುದಿಲ್ಲವಾದ್ದರಿಂದ ಅಡಿಯಲ್ಲಿ ತೂತಿನ ಪೈಪು ಹಾಕಿ ನಾಯಿಯ ಉಚ್ಚೆಯನ್ನು ಹೊರಗೆ ಹರಿಸಬೇಕಿತ್ತು. ಬಾಚಣಿಗೆ, ನಾದಿನಿ ಇಬ್ಬರೂ ಅದಕ್ಕೆ ಕಾಲುವೆ ತೋಡಿದರು. ಸೊಂಟದ ಆಳ. ನಾದಿನಿ ಒಳಗೆ ನಿಂತು ಗುದ್ದಲಿ ಹಾಕುತ್ತ, "ಅತ್ತಿಗೆ, ಮುಂದಿನ ಜನ್ಮ ಅಂತ ಕೇಳಿದ್ರೆ ಏನ್ ಹೇಳ್ಬೇಕು ಅಂತ ಗೊತ್ತಾಯ್ತು," ಅಂದಳು.

"ಏನು?"

"ಬಾಲ ಇರ್ಲಿ ಅಂತ."

ಪೈಪು ಇಳಿಸುವ ದಿನ ಯಜಮಾನ ಬಂದು ನಿಂತ. ಪೈಪಿನ ಬಾಯಿ ಗೇಟಿನ ಪಕ್ಕ ಹೊರಬರುತ್ತಿತ್ತು. "ಬಂದವರು ಮೊದಲು ಇದನ್ನೇ ನೋಡ್ಬೇಕಾ?" ಅಂದ.

"ಸಾರ್, ಜೇಡಿ ನೆಲ ಸಾರ್. ಪೈಪಿಲ್ಲದಿದ್ರೆ..."

"ಬೇಡ ಅಂದೆ."

"ಆಯ್ತು ಸಾರ್."

ಕಾಲುವೆ ತೋಡಿದವರೇ ಅದನ್ನು ಮುಚ್ಚಿದರು. ಯಜಮಾನ ಒಂದು ಚೆಂಡನ್ನು ತಂದು ನೆಲದ ಮೇಲಿಟ್ಟ. ಅದು ಮೆಲ್ಲಗೆ ಉರುಳಿತು. ಚೆಂಡು ಇಟ್ಟಲ್ಲೇ ನಿಲ್ಲಬೇಕು ಅಂದ. ನೀರು ಹೋಗಲು ಸ್ವಲ್ಪ ಇಳಿಜಾರು ಬಿಟ್ಟಿದ್ದೇನೆ ಅಂತ ಮೇಸ್ತ್ರಿ ಹೇಳಿದ್ದಕ್ಕೆ, "ನಾನು ಅಂಗಳ ಕೇಳಿದ್ದು, ಜಾರುಗುಪ್ಪೆ ಅಲ್ಲ," ಅಂದ. ಆಯ್ತು ಸಾರ್. ರಾತ್ರಿ ಬಿದ್ದ ಹನಿಗೆ ನೆಲ ಒದ್ದೆಯಾಗಿತ್ತು. ಒಣಗಲಿ ಅಂತ ಕಾಯಬೇಕಿತ್ತು. ಯಜಮಾನನಿಗೆ ಅವಸರ. ಆಯ್ತು ಸಾರ್. ರೋಲರಿನವನು ಹಸಿ ಜೇಡಿಯ ಮೇಲೆಯೇ ರೋಲರು ಓಡಿಸಿದ. ಹಿಂದೆ ಮುಂದೆ, ಹಿಂದೆ ಮುಂದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕುಂಬಾರ ಸವರಿದ ಮಡಕೆಯ ಒಳಮೈಯಂತೆ ಹೊಳೆಯಿತು. ಚೆಂಡು ಇಟ್ಟಲ್ಲೇ ನಿಂತಿತು. ಅದರ ಮೇಲೆ ತೆಳ್ಳಗೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಹುಲ್ಲು ಬಿತ್ತು. ಎಲ್ಲರೂ ನೋಡಿದ್ದರು. ಕೇಳಿದರೆ ಯಾರೂ ನೋಡಿರಲಿಲ್ಲ.

ಮರಳು ಬಂದ ದಿನ ನಾದಿನಿಗೆ ಆಗಲಿಲ್ಲ. ಆಗಲೇ ಹಲವು ದಿನಗಳಿಂದ ಉರಿ, ಸೊಂಟ ನೋವು. ಗೇಟಿನ ಬಳಿ ಮರಳಿನ ರಾಶಿಯ ಹಿಂದೆ ಹೋಗಿ ಗೋಡೆಗೆ ತಲೆ ಒತ್ತಿ ನಿಂತಳು. "ಅತ್ತಿಗೆ, ಇನ್ನು ಆಗಲ್ಲ. ಸೀರೆಯಲ್ಲೇ ಹೋಗುತ್ತೆ," ಅಂದಳು. ಹುಲ್ಲಿನ ಸುರುಳಿಗೆ ಸುತ್ತಿದ್ದ ಕರಿ ಬಟ್ಟೆಯ ತುಂಡೊಂದು ಅಲ್ಲೇ ಬಿದ್ದಿತ್ತು. ಬಾಚಣಿಗೆ ಅದನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದಳು. ಕಂಬದ ಕಡೆಗೆ, ಕ್ಯಾಮೆರಾದ ಕಡೆಗೆ. ಬಟ್ಟೆಯ ಹಿಂದೆ ನಾದಿನಿ ಕುಕ್ಕರಿಸಿದಳು. ಉರಿಗೆ ಹಲ್ಲು ಕಚ್ಚಿದಳು. ಹಾಗೆ ಕಚ್ಚಿಕೊಂಡೇ, "ರಾಣಿಗೆ ಡೇರೆ ಹಾಕ್ದಂಗಿದೆ," ಅಂದಳು.

ಅವತ್ತೇ ಸಂಜೆ ಜ್ವರ ಬಂತು. ಬಿಟ್ಟಿತು, ಮತ್ತೆ ಬಂತು. ಈಗ ಉಚ್ಚೆಯಲ್ಲಿ ರಕ್ತ. ಅವರ ಮನೆಯಲ್ಲಿ ದುಡಿಯುವವರು ಆ ಇಬ್ಬರೇ. ಒಬ್ಬಳು ಹಾಸಿಗೆ ಹಿಡಿದಿದ್ದಳು. ಇನ್ನೊಬ್ಬಳು ಇಲ್ಲಿ ನಾಲ್ಕು ಕಾಲಲ್ಲಿ ನಿಂತಿದ್ದಳು.

"ಎದ್ದೇಳು. ಇದನ್ನ ನೋಡು," ಅಂದ ಯಜಮಾನ. ಮೆಟ್ಟಿಲಿಳಿದು ಬಂದು ಫೋನನ್ನು ಅವಳ ಮುಖದ ಮುಂದೆ ಹಿಡಿದ.

ಮೇಲಿನಿಂದ ತೆಗೆದ ಚಿತ್ರ. ಮರಳಿನ ರಾಶಿ. ಕರಿ ಬಟ್ಟೆ. ಬಟ್ಟೆಯ ಮೇಲೆ ಅವಳ ತಲೆ, ಅವಳ ಎರಡು ಕೈ. ಮುಖ ಸರಿಯಾಗಿ ಕಾಣುತ್ತಿತ್ತು. ತಾನು ಇಷ್ಟು ಸಣ್ಣಗಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿದ್ದವಳು ಕಾಣುತ್ತಿರಲಿಲ್ಲ.

"ಬಟ್ಟೆ ಹಿಂದೆ ಏನಾಗ್ತಿತ್ತು?"

ಅವಳು ಮೊದಲು ನೋಡಿದ್ದು ಮೇಸ್ತ್ರಿಯನ್ನು. ಆ ಕ್ಯಾಮೆರಾ ದಿನವೆಲ್ಲ ನೋಡುತ್ತದೆ. ಅದರೊಳಗಿಂದ ಈ ಒಂದು ಗಳಿಗೆಯನ್ನು ಹುಡುಕಿ ತೆಗೆಯಬೇಕಾದರೆ ಯಾವ ದಿನ, ಯಾವ ಕಡೆ ಅಂತ ಯಾರೋ ಹೇಳಿರಬೇಕು. ರೋಲರಿನವನಾ? ಅವನು ಅವತ್ತು ಹಿತ್ತಲಲ್ಲಿ ಮಲಗಿದ್ದ. ಗೇಟಿನ ಹತ್ತಿರ ಮರಳು ಇಳಿಸಿಕೊಳ್ಳುತ್ತ ನಿಂತಿದ್ದವನು ಮೇಸ್ತ್ರಿ ಒಬ್ಬನೇ. ಅವನೀಗ ತನ್ನ ಬೂಟಿನ ಮೇಲಿನ ಕೆಸರನ್ನು ಇನ್ನೊಂದು ಬೂಟಿನಿಂದ ಕೆರೆಯುತ್ತಿದ್ದ.

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ಕೋತಿ ಎರಡು. ಮೇಕೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ, ಚಹಾ ಕುಡಿಸಿ ಕರೆತಂದಿದ್ದರು.

ಆ ಚಹಾ ಈಗ ಕಿಬ್ಬೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು.

"ಆ ಮರಳನ್ನೇ ಇಲ್ಲಿ ಹಾಕಿದ್ದು," ಅಂದಳು ಮನೆಯೊಡತಿ. "ಅದನ್ನೇ ನಮ್ಮ ಅಂಗಳದ ತುಂಬ ಹರಡಿದ್ದಾರೆ. ನೆನೆಸ್ಕೊಂಡ್ರೆ ಊಟ ಸೇರಲ್ಲ."

"ಮರಳು ಅಂಗಳದ ತುಂಬ ಹಾಕಿದೀವಿ," ಅಂದಳು ಬಾಚಣಿಗೆ. "ವಾಸನೆ ಈ ಮೂಲೇಲಿ ಮಾತ್ರ."



ಅವಳು ವ್ಯಾನಿನ ಬಳಿ ಹೋಗಿ ಚಪ್ಪಟೆ ಸಲಾಕೆ ತಂದಳು. ಮೇಸ್ತ್ರಿ "ಏಯ್, ಅದ್ಯಾಕೆ?" ಅಂದ. ಅವಳು ಮೂಲೆಯ ಅಂಚಿಗೆ ಸಲಾಕೆ ತೂರಿಸಿ ಒತ್ತಿದಳು. ಮೊಳೆಗಳು ಒಂದೊಂದಾಗಿ ಕಿತ್ತು ಬಂದವು. ಹುಲ್ಲಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಹಸುವಿನ ಚರ್ಮ ಸುಲಿದಂತೆ ಹಿಂದಕ್ಕೆ ಎಳೆದಳು.

ಅಡಿಯಲ್ಲಿ ಜಲ್ಲಿ ಕಪ್ಪಾಗಿತ್ತು. ಅವಳು ಕೈಯಿಂದಲೇ ಜಲ್ಲಿ ಸರಿಸಿದಳು. ಕೆಳಗೆ, ರೋಲರು ನಯ ಮಾಡಿದ ಜೇಡಿಯ ಮೇಲೆ, ಬಟ್ಟಲಿನಲ್ಲಿಟ್ಟಂತೆ ಹಳದಿ ನೀರು ನಿಂತಿತ್ತು. ಅದರ ಮೇಲೆ ಬಿಸಿಲು ಬಿತ್ತು. ವಾಸನೆ ಜಗಲಿಯವರೆಗೆ ಹೋಯಿತು. ಮನೆಯೊಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಎಲ್ಲರಿಗಿಂತ ಮೊದಲು ನಾಯಿ ಎದ್ದಿತು. ಬಾಲ ಅಲ್ಲಾಡಿಸುತ್ತ ತನ್ನ ಮೂಲೆಗೆ ಬಂದು, ಮೂಸಿ, ಹಿಂಗಾಲು ಎತ್ತಿತು.

"ಕಂದಾ, ಬೇಡ," ಎಂದು ಮನೆಯೊಡತಿ ಓಡಿ ಬಂದು ಪಟ್ಟಿ ಹಿಡಿದು ಎಳೆದಳು. ನಾಯಿ ಮೂರು ಕಾಲಿನ ಮೇಲೆ ಕುಂಟುತ್ತ ಹೋಯಿತು. ದಾರಿಯುದ್ದಕ್ಕೂ ಹಸಿರಿನ ಮೇಲೆ ಒಂದು ಒದ್ದೆ ಗೆರೆ ಬಿತ್ತು.

ಯಜಮಾನ ಆ ಗುಂಡಿಯನ್ನು ನೋಡಿದ. ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಆಕಾಶ ನೋಡಿದ. ಯಾವ ಚೆಂಡು, ಯಾವ ಪೈಪು ಅಂತ ಅಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಳು. ಸಲಾಕೆಯನ್ನು ಹುಲ್ಲಿಗೆ ಒರೆಸಿದಳು.

"ಸರಿ. ಇದನ್ನ ರಿಪೇರಿ ಮಾಡ್ಕೊಡಿ," ಅಂದ ಯಜಮಾನ, ಮೇಸ್ತ್ರಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದು ಅವಳಿಗೆ ಹಿಡಿಸಲಿಲ್ಲ. ಅವನು ಅವಳ ಕಡೆ ತಿರುಗಿದ. "ಇದು ಬೇರೆ ವಿಷಯ. ಅದು ಬೇರೆ. ಬಟ್ಟೆ ಹಿಂದೆ ಉಚ್ಚೆ ಹೊಯ್ದಿದ್ದು ಹೌದೋ ಅಲ್ವೋ?"

"ಈಗ ಅದ್ಯಾಕೆ ಸಾರ್?"

"ಯಾಕೆ ಅಂದ್ರೆ ಈ ರಸ್ತೆಯವರಿಗೆಲ್ಲ ಹೇಳಿಬಿಟ್ಟಿದೀವಿ, ಕೆಲಸದವರು ಗಲೀಜು ಮಾಡಿದ್ದು ಅಂತ. ಈ ಚಿತ್ರಾನೂ ಕಳಿಸಿದೀವಿ. ಈಗ ನಾಯಿದು ಅಂತ ಹೇಳೋಕಾಗುತ್ತಾ? ಮುಖ ಎಲ್ಲಿಡೋದು?"

ಅವರ ಮುಖ ಎಲ್ಲಿಡಬೇಕು ಅಂತ ಅವರಿಗೆ ಯೋಚನೆ. ಅವಳ ಮುಖ ಆಗಲೇ ರಸ್ತೆಯ ಎಲ್ಲ ಮನೆಗಳೊಳಗೆ ಹೋಗಿ ಕೂತಿತ್ತು, ಕರಿ ಬಟ್ಟೆಯ ಮೇಲೆ.

ಮೇಸ್ತ್ರಿ ಹತ್ತಿರ ಬಂದ. ಅವನ ಬಾಯಿ ಚಹಾದ ವಾಸನೆ ಹೊಡೆಯುತ್ತಿತ್ತು. "ನೋಡು, ಪಕ್ಕದ ಮನೆಯವರೂ ನಮಗೇ ಕೊಡ್ತಾರೆ ಕೆಲಸ. ಅದರ ಪಕ್ಕದವರೂ. ತಪ್ಪು ಮಾಡಿದವರನ್ನ ಹಿಡಿದು ಬುದ್ಧಿ ಹೇಳಿದೀನಿ ಅಂತ ಗೊತ್ತಾದ್ರೆ ಸಾಕು. ಫೋನ್ ಮುಂದೆ ಒಂದು ಮಾತು. ಗೊತ್ತಾಗ್ಲಿಲ್ಲ, ತಪ್ಪಾಯ್ತು ಅನ್ನು. ನಾಳೆಯಿಂದ ಹೆಂಗಸರ ಮೇಲೆ ನೀನೇ ಮೇಸ್ತ್ರಿ. ನಾದಿನೀನೂ ಬರ್ಲಿ, ಹುಷಾರಾದ ಮೇಲೆ. ಭಾರದ ಕೆಲಸ ಕೊಡಲ್ಲ."

"ಅನ್ನದಿದ್ರೆ?"

"ಅನ್ನದಿದ್ರೆ ಯಾರು ಒಳಗೆ ಬಿಟ್ಕೋತಾರೆ ನಿಮ್ಮನ್ನ? ನಾನು ಬಿಡಬಹುದು. ಗೇಟು ನನ್ನದಲ್ಲ."

"ಬಟ್ಟೆ ಹಿಂದೆ ಇದ್ದವಳ ಹೆಸರೂ ಹೇಳ್ಬೇಕು," ಅಂದ ಯಜಮಾನ.

ಅವಳು ಕಾಲು ಬದಲಿಸಿದಳು. ತೊಡೆ ಬಿಗಿದುಕೊಂಡಳು. ನಿಂತಲ್ಲಿ ನಿಲ್ಲಲಾಗದ ಆ ಅಲುಗಾಟ ಹೆಂಗಸಿನ ಕಣ್ಣಿಗೆ ಬೀಳದೆ ಇರುವುದಿಲ್ಲ. ಮನೆಯೊಡತಿ ನಾಯಿಯನ್ನು ಕಂಬಕ್ಕೆ ಕಟ್ಟಿ ಬರುತ್ತ ಅವಳನ್ನೇ ನೋಡಿದಳು. ಒಳಗೆ ಹೋದಳು. ವಾಪಸ್ ಬಂದಾಗ ಕೈಯಲ್ಲಿ ಬೀಗದ ಕೈ ಇತ್ತು. ಹೋಗಿ ನಾಯಿಯ ಗೂಡಿನ ಪಕ್ಕದ ಬಾಗಿಲನ್ನು ತಾನೇ ತೆರೆದಿಟ್ಟಳು. ಒಳಗೆ ಬಿಳಿ ಗೋಡೆ, ಬಿಳಿ ನೆಲ. ನಲ್ಲಿಯಿಂದ ಒಂದು ಹನಿ ಬಿದ್ದ ಸದ್ದು ಕೇಳಿತು. ಆ ಸದ್ದಿಗೆ ಬಾಚಣಿಗೆಯ ಮೈ ಒಳಗೇ ಕುಸಿಯಿತು.

"ಪಾಪ, ಅವಳಿಗೆ ಅವಸರ ಇದೆ," ಅಂದಳು ಮನೆಯೊಡತಿ ಗಂಡನಿಗೆ. ನಿಜವಾಗಿಯೂ ಮರುಕವಿತ್ತು ಆ ದನಿಯಲ್ಲಿ. ಬಾಚಣಿಗೆಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದದ್ದು ಅದರ ಮೇಲೆ. "ಹೇಳಿಬಿಡಮ್ಮ. ಹೇಳಿ ಹೋಗ್ಬಾ. ಇನ್ಮೇಲೆ ಇದು ನಿಮಗೇ ಅಂತ ಇಟ್ಕೊಳ್ಳಿ. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ಬೀಗದ ಕೈ ಅವಳ ಮುಂದೆ ತೂಗಾಡಿತು. ಅದೇ ಬಾಗಿಲು, ಅದೇ ಬೀಗ. ಗಿಡ ಕಡಿಸಿದ ದಿನವೂ ಇತ್ತು. ನಾದಿನಿ ಗೋಡೆಗೆ ತಲೆ ಒತ್ತಿ ನಿಂತ ದಿನವೂ ಇತ್ತು. ಅಲ್ಲಿಂದ ಇಲ್ಲಿಗೆ ಕೂಗಿದರೆ ಕೇಳುವಷ್ಟು ದೂರ.

ಯಜಮಾನ ಫೋನು ಎತ್ತಿ ಹಿಡಿದ. ಅದರ ಮೇಲೆ ಕೆಂಪು ಚುಕ್ಕೆ ಹತ್ತಿತು.

"ಹೇಳು," ಅಂದ.

ಅವಳು ಫೋನನ್ನು ನೋಡಿ ಮಾತಾಡಿದಳು. "ಹೊಯ್ದಿದ್ದೀವಿ. ಒಬ್ಬಳಲ್ಲ, ಎಲ್ಲ ಹೆಂಗಸರೂ. ಮೊದಲು ಗಿಡದ ಹಿಂದೆ, ಗಿಡ ಕಡಿದ ಮೇಲೆ ಮರಳಿನ ಹಿಂದೆ. ಈ ಮನೇಲಿ ನಾಯಿಗೆ ಕಾಲುವೆ ತೋಡಿದವರು ನಾವು. ನಮಗೆ ಜಾಗ ಕೇಳಿದ್ವಿ, ಗೇಟು ತೋರಿಸಿದ್ರು. ಬಟ್ಟೆ ಹಿಡಿದವಳು ನಾನು. ಮುಖ ಚೆನ್ನಾಗಿ ಬಂದಿದೆ, ನೋಡ್ಕೊಳ್ಳಿ."

"ಅದೆಲ್ಲ ಬೇಡ," ಅಂದ ಯಜಮಾನ. ಫೋನು ಇಳಿಸಿದ. "ಅದನ್ನ ಅಳಿಸ್ತೀನಿ. ಮೊದಲಿಂದ ಹೇಳು. ಒಂದೇ ಮಾತು, ತಪ್ಪಾಯ್ತು ಅಂತ."

ಮನೆಯೊಡತಿ ಬೀಗದ ಕೈಯನ್ನು ಇನ್ನಷ್ಟು ಹತ್ತಿರ ತಂದಳು. "ಹೋಗ್ಲಿ, ನೀನು ಮೊದಲು ಹೋಗ್ಬಾ. ಬಂದು ಹೇಳುವಿಯಂತೆ. ಹೆಂಗಸರ ಕಷ್ಟ ನನಗೂ ಗೊತ್ತು."

ಬಾಗಿಲು ತೆರೆದೇ ಇತ್ತು. ನಲ್ಲಿ ಇನ್ನೊಂದು ಹನಿ ಬಿಟ್ಟಿತು. ಕಿಬ್ಬೊಟ್ಟೆಯ ಕಲ್ಲು ಕೆಳಕ್ಕೆ ಜಾರಿತು. ಅವಳು ಹಲ್ಲು ಕಚ್ಚಿ ಅದನ್ನು ತಡೆದು ನಿಲ್ಲಿಸಿದಳು.

"ಆಯ್ತು ಅನ್ನು," ಅಂದ ಮೇಸ್ತ್ರಿ, ಕಿವಿಯ ಹತ್ತಿರ. "ಅಷ್ಟೇ. ಆಯ್ತು ಅನ್ನು, ಮುಗೀತು."

"ಆಗಲ್ಲ," ಅಂದಳು.